ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಇದ್ದಾರೆ: ಮನಸ್ಸು ನಿಜವಾಗಿ ಚೇತರಿಸಿಕೊಂಡಿದೆಯಾ ಅಂತ ತಿಳಿಯುವುದು ಹೇಗೆ?

ತಿಪಟೂರಿನ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ 73. ಅಪ್ಪ ತೀರಿಕೊಂಡು ವರ್ಷ ದಾಟಿತು. ಅಮ್ಮ ತಿಪಟೂರಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ನಾನು ಬೆಂಗಳೂರಿನಲ್ಲಿ, ಅಣ್ಣ ಪುಣೆಯಲ್ಲಿ. ದುಡ್ಡಿಗೆ ತೊಂದರೆ ಇಲ್ಲ, ಕುಟುಂಬ ಪಿಂಚಣಿ ಬರುತ್ತದೆ.

ಊರಲ್ಲಿ ಎಲ್ಲರೂ ಹೊಗಳುತ್ತಾರೆ. "ನಿಮ್ಮಮ್ಮ ಎಷ್ಟು ಧೈರ್ಯವಂತೆ, ತಿಥಿ ಮುಗಿದ ಮಾರನೇ ದಿನವೇ ಎದ್ದು ಕೆಲಸಕ್ಕೆ ನಿಂತರು" ಅಂತಾರೆ. ನಿಜ, ಅಮ್ಮ ನಮ್ಮೆದುರು ಅತ್ತಿದ್ದು ಬಹಳ ಕಡಿಮೆ. ಈಗಲೂ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೇ ಕಾಫಿ ಕುಡಿಯುವುದು.

ಆದರೆ ನನಗೆ ಸಮಾಧಾನ ಇಲ್ಲ. ನಿದ್ದೆ ಸರಿಯಾಗಿ ಬರಲ್ಲ ಅಂತಾರೆ. ಮಂಡಿ ನೋವು ಜಾಸ್ತಿಯಾಗಿದೆ. ಟಿವಿ ಸೌಂಡು ಬೀದಿಗೆ ಕೇಳುತ್ತದೆ. ಫೋನ್ ಮಾಡಿದರೆ "ಚೆನ್ನಾಗಿದ್ದೀನಿ, ಇಡ್ಲಾ?" ಅಷ್ಟೇ. ಮೊದಲು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದವರು. ಮದುವೆ, ಗೃಹಪ್ರವೇಶಕ್ಕೆ ಕರೆದರೂ ಹೋಗುವುದಿಲ್ಲ.

"ಮನೆ ಬಾಡಿಗೆಗೆ ಕೊಟ್ಟು ಕರೆದುಕೊಂಡು ಬರೋಣ" ಅಂತ ಅಣ್ಣ ಹೇಳುತ್ತಾನೆ. ಅಮ್ಮ ಹೂಂ ಅನ್ನಲ್ಲ, ಊಹೂಂ ಅನ್ನಲ್ಲ. ಇದು ನಿಜವಾದ ಚೇತರಿಕೆಯೋ, ಎಲ್ಲ ಒಳಗೇ ನುಂಗಿಕೊಂಡಿದ್ದಾರೋ? ಇಂಥದ್ದನ್ನು ಹತ್ತಿರದಿಂದ ಕಂಡವರು ದಯವಿಟ್ಟು ಬರೆಯಿರಿ.

ಶಿರಸಿಯವ

ಯೋಚನೆ ಮಾಡುವುದೇನಿದೆ? ಕರೆದುಕೊಂಡು ಬನ್ನಿ. 70 ದಾಟಿದವರು ಒಬ್ಬರೇ ಇರಬಾರದು. ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದರೆ ನೋಡುವವರು ಯಾರು?

ಧಾರವಾಡದ ನಿವೃತ್ತ ಮೇಷ್ಟ್ರು

ತಂಗಿ, ನಾನು ನಿಮ್ಮ ತಾಯಿಯ ಕಡೆಯಿಂದ ಮಾತಾಡುತ್ತೇನೆ. ನನಗೆ 79. ಹೆಂಡತಿ ಹೋದ ಮೇಲೆ ಮಗ ತನ್ನ ಊರಿಗೆ ಕರೆದುಕೊಂಡು ಹೋಗಿದ್ದ. ಮಗ, ಸೊಸೆ ಇಬ್ಬರೂ ಬಂಗಾರದಂಥವರು. ಕಾಫಿ ಕೈಗೆ ಬರುತ್ತಿತ್ತು, ಮಾತ್ರೆ ಕೈಗೆ ಬರುತ್ತಿತ್ತು. ತರಕಾರಿ ಮೊಬೈಲಿನಲ್ಲೇ ಬರುತ್ತಿತ್ತು. "ನೀವು ಆರಾಮಾಗಿ ಕೂತ್ಕೊಳ್ರಿ" ಅಂತಿದ್ದರು. ಆ ಮನೆಯಲ್ಲಿ ನಾನು ಮಾಡದಿದ್ದರೆ ನಿಂತುಹೋಗುವ ಕೆಲಸ ಒಂದೂ ಇರಲಿಲ್ಲ. ಅದು ಎಷ್ಟು ಭಾರ ಅಂತ ಕೂತವನಿಗೇ ಗೊತ್ತು.

ಈಗ ಧಾರವಾಡಕ್ಕೆ ವಾಪಸ್ ಬಂದಿದ್ದೇನೆ. ನಮ್ಮ ಓಣಿಯ ಬೋರ್‌ವೆಲ್ ಲೆಕ್ಕ ನನ್ನ ಹತ್ತಿರ ಇದೆ. ಪಕ್ಕದ ಮನೆ ಹುಡುಗ ಸಂಜೆ ಗಣಿತ ಕೇಳಲು ಬರುತ್ತಾನೆ. ಮಂಡಿ ಅಲ್ಲಿದ್ದಾಗಲೂ ನೋಯುತ್ತಿತ್ತು, ಇಲ್ಲೂ ನೋಯುತ್ತದೆ. ಆದರೆ ಹುಡುಗ ಬರುವ ಹೊತ್ತಿಗೆ ಎದ್ದು ಕೂರುತ್ತೇನೆ.

ಶಿರಸಿಯವರು ಹೇಳಿದ ಬಚ್ಚಲಿನ ಮಾತು ಸರಿಯೇ. ಅದಕ್ಕೆ ಗೋಡೆಗೆ ಹಿಡಿಕೆ ಹಾಕಿಸಿ, ಜಾರದ ಚಾಪೆ ಹಾಸಿ. ಬಚ್ಚಲು ಜಾರುತ್ತದೆ ಅಂತ ಊರನ್ನೇ ಬಿಡಿಸಬೇಡಿ.

ಮನಃಶಾಸ್ತ್ರ ಓದುವವಳು

ಅಳದೇ ಇರುವುದರ ಬಗ್ಗೆ ಎರಡು ಮಾತು. ಅತ್ತು ಹಗುರಾಗದಿದ್ದರೆ ದುಃಖ ಒಳಗೇ ಕೊಳೆಯುತ್ತದೆ ಅಂತ ನಮ್ಮಲ್ಲಿ ಎಲ್ಲರೂ ನಂಬಿದ್ದಾರೆ. ಅದು ಎಲ್ಲರಿಗೂ ನಿಜವಲ್ಲ.

ಅಮೆರಿಕದ ಡೆಟ್ರಾಯಿಟ್ ಸುತ್ತಮುತ್ತ ವಯಸ್ಸಾದ ದಂಪತಿಗಳ ಮೇಲೆ ಒಂದು ದೊಡ್ಡ ಅಧ್ಯಯನ ನಡೆದಿತ್ತು. ಅದರ ವಿಶೇಷ ಏನೆಂದರೆ, ಗಂಡ ಅಥವಾ ಹೆಂಡತಿ ತೀರಿಕೊಳ್ಳುವ ಮೊದಲೇ ಅವರನ್ನು ಮಾತಾಡಿಸಿದ್ದರು. ಸಾವಾದ 6 ತಿಂಗಳಿಗೆ, ಆಮೇಲೆ 18 ತಿಂಗಳಿಗೆ ಮತ್ತೆ ಮಾತಾಡಿಸಿದರು. ಜಾರ್ಜ್ ಬೊನಾನೊ ಮತ್ತು ಜೊತೆಗಾರರು 2002ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಹತ್ತಿರ ಹತ್ತಿರ ಅರ್ಧದಷ್ಟು ಜನ ಖಿನ್ನತೆಗೆ ಜಾರಿರಲೇ ಇಲ್ಲ. ಪ್ರೀತಿ ಇಲ್ಲದ್ದಕ್ಕೆ ಹೀಗೆ ಅಂತಲ್ಲ. ನೆನಪಾಗುತ್ತಿತ್ತು, ಸಂಕಟವಾಗುತ್ತಿತ್ತು. ಆದರೂ ದಿನ ನಡೆಯುತ್ತಿತ್ತು. ಇನ್ನೊಂದು ಗುಂಪಿನವರು ಮಾತ್ರ ಒಂದೂವರೆ ವರ್ಷವಾದರೂ ಮೇಲೇಳಲು ಆಗಿರಲಿಲ್ಲ. ಅವರು ಕಡಿಮೆ ಸಂಖ್ಯೆಯಲ್ಲಿದ್ದರು, ಆದರೆ ಸಹಾಯ ಬೇಕಿದ್ದದ್ದು ಅವರಿಗೇ.

ಹಾಗಾಗಿ ನಿಮ್ಮಮ್ಮ ಎಷ್ಟು ಅತ್ತರು ಅಂತ ಅಳೆಯಬೇಡಿ. ಇಷ್ಟವಾಗುತ್ತಿದ್ದದ್ದು ಈಗಲೂ ಇಷ್ಟವಾಗುತ್ತದಾ ನೋಡಿ. ರಂಗೋಲಿ ಬಿಡುವಾಗ ಹೊಸ ಎಳೆ ಹಾಕುತ್ತಾರಾ, ಇಲ್ಲ ಸುಮ್ನೆ ನಾಲ್ಕು ಗೆರೆ ಎಳೆದು ಬರುತ್ತಾರಾ? ಅದರಿಂದ ಜಾಸ್ತಿ ಗೊತ್ತಾಗುತ್ತದೆ.

ಇನ್ನೊಂದು. ಈ ಚೇತರಿಕೆಯ ಶಕ್ತಿಯನ್ನು ಅಳೆಯಲು ಪ್ರಪಂಚದಲ್ಲಿ ಹೆಚ್ಚು ಬಳಸುವ ಪ್ರಶ್ನಾವಳಿಗಳಲ್ಲಿ ಒಂದನ್ನು ವ್ಯಾಗ್ನಿಲ್ಡ್ ಮತ್ತು ಯಂಗ್ ಅನ್ನುವ ಇಬ್ಬರು ನರ್ಸಿಂಗ್ ಸಂಶೋಧಕಿಯರು 1993ರಲ್ಲಿ ಪ್ರಕಟಿಸಿದರು. ಅದರ ಬೇರು ಇರುವುದು 24 ವಯಸ್ಸಾದ ಹೆಂಗಸರ ಮಾತಿನಲ್ಲಿ. ದೊಡ್ಡ ಪೆಟ್ಟು ತಿಂದು ಮತ್ತೆ ಬದುಕು ಕಟ್ಟಿಕೊಂಡವರು ಅವರು. ಅವರ ಮಾತುಗಳಲ್ಲಿ ಐದು ಗುಣ ಕಂಡವು. ಬಂದದ್ದನ್ನು ಸಮಚಿತ್ತದಿಂದ ನೋಡುವುದು, ಬಿಡದೆ ಮುಂದುವರಿಯುವುದು, ತನ್ನ ಮೇಲೆ ತನಗೆ ನಂಬಿಕೆ, ಬದುಕಿಗೊಂದು ಅರ್ಥ ಇದೆ ಅನ್ನಿಸುವುದು, ಕೆಲವು ದಾರಿ ಒಬ್ಬರೇ ನಡೆಯಬೇಕು ಅನ್ನುವುದನ್ನು ಒಪ್ಪಿಕೊಳ್ಳುವುದು. ನನಗೆ ಇದರಲ್ಲಿ ಹಿಡಿಸಿದ್ದು ಇಷ್ಟೇ: ಯಾರೋ ಪಂಡಿತರು ಕೂತು ಯೋಚಿಸಿದ ಪಟ್ಟಿ ಇದಲ್ಲ, ಅಜ್ಜಿಯರನ್ನು ಕೇಳಿ ಕಲಿತದ್ದು.

ಕೊಪ್ಪಳದ ಆಶಾ ಕಾರ್ಯಕರ್ತೆ

ಮೇಲಿನದನ್ನೆಲ್ಲ ಓದಿದೆ, ಒಳ್ಳೆಯದು. ಆದರೆ ನಾನು ದಿನಾ ನೋಡುವ ಅಜ್ಜಿಯರಿಗೆ ಕುಟುಂಬ ಪಿಂಚಣಿ ಇಲ್ಲ. ಅವರ ಧೈರ್ಯದ ಬಗ್ಗೆ ಮಾತಾಡುವವರು ಅವರ ಕೈಯಲ್ಲಿ ಎಷ್ಟು ದುಡ್ಡಿದೆ ಅಂತಲೂ ಕೇಳಬೇಕು.

65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1200 ರೂಪಾಯಿ ಬರುತ್ತದೆ. ಮನೆ ಯಜಮಾನಿ ಅಂತ ಹೆಸರಿದ್ದರೆ ಗೃಹಲಕ್ಷ್ಮಿಯ 2000. ಈ ದುಡ್ಡು ತನ್ನ ಹೆಸರಿಗೇ ಬಂದಾಗ ಅಜ್ಜಿಯ ನಡಿಗೆಯೇ ಬೇರೆ. ಮೊಮ್ಮಗಳಿಗೆ ಬಳೆ ಕೊಡಿಸುತ್ತಾಳೆ, ಮಂಡಿಗೆ ಎಣ್ಣೆ ತರುತ್ತಾಳೆ, ಯಾರನ್ನೂ ಕೇಳುವುದಿಲ್ಲ. ಅದೇ ದುಡ್ಡು ಬೆರಳಚ್ಚು ಹೊಂದಲಿಲ್ಲ ಅಂತ ನಿಂತುಹೋದ ತಿಂಗಳು ಅದೇ ಅಜ್ಜಿ ಮೂಲೆ ಹಿಡಿಯುತ್ತಾಳೆ. ಜೀವನವಿಡೀ ಕಳೆ ಕಿತ್ತು ಬೆರಳ ಗೆರೆ ಸವೆದಿರುತ್ತವೆ, ಯಂತ್ರ ಓದುವುದಿಲ್ಲ. ಆಗ ಆಕೆಗೆ ಬೇಕಿರುವುದು ಮನಸ್ಸಿನ ಬಗ್ಗೆ ಪಾಠ ಅಲ್ಲ. ಜೊತೆಗೆ ಬ್ಯಾಂಕಿಗೆ ಬರುವವರು ಬೇಕು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಇನ್ನೊಂದು ನೋಡಿದೆ. ಬಸ್ಸು ಪುಕ್ಕಟೆ ಆಯಿತಲ್ಲ, ಎಷ್ಟೋ ವರ್ಷ ತವರಿಗೆ ಹೋಗದಿದ್ದವರು ಹೋಗಿ ಬಂದರು. ಹುಲಿಗೆಮ್ಮನ ಗುಡಿಗೆ ಗುಂಪು ಕಟ್ಟಿಕೊಂಡು ಹೊರಟರು. ಗಂಡ ಸತ್ತ ಮೇಲೆ ಹೊಸ್ತಿಲು ದಾಟದಿದ್ದ ಒಬ್ಬರು ಈಗ ಹುಣ್ಣಿಮೆ ಹುಣ್ಣಿಮೆಗೆ ಹೋಗುತ್ತಾರೆ. ಇದಕ್ಕೆ ಔಷಧಿ ಅಂತ ಯಾರೂ ಹೆಸರಿಟ್ಟಿಲ್ಲ. ನನ್ನ ಕಣ್ಣಿಗೆ ಇದು ಔಷಧಿಯೇ.

ಮಾಗಡಿ ಹುಡುಗ

ಸಾಲುಮರದ ತಿಮ್ಮಕ್ಕನನ್ನು ನೆನಪಿಸಿಕೊಳ್ಳಿ. ಮಕ್ಕಳಿಲ್ಲ ಅನ್ನುವ ನೋವನ್ನು ಗಂಡ ಚಿಕ್ಕಯ್ಯನ ಜೊತೆ ಸೇರಿ 385 ಆಲದ ಮರ ಮಾಡಿದರು. ಹುಲಿಕಲ್‌ನಿಂದ ಕುದೂರಿನವರೆಗೆ ದಾರಿಯುದ್ದಕ್ಕೂ. ಮನಸ್ಸು ಮಾಡಿದರೆ ಏನೂ ಸಾಧ್ಯ.

ಮಂಡ್ಯದ ಸೊಸೆ

ತಿಮ್ಮಕ್ಕನಿಗೆ ಕೈ ಮುಗಿಯುತ್ತೇನೆ. ಆದರೆ ನಮ್ಮ ಮಾವನವರಿಗೆ ಈ ಉದಾಹರಣೆ ಕೊಟ್ಟಾಗ ಅವರು ಇನ್ನೂ ಕುಗ್ಗಿದರು. "ನನ್ನ ಕೈಲಿ ಒಂದು ಗಿಡ ನೆಡೋಕೂ ಆಗಲ್ವಲ್ಲ" ಅಂದರು. ಇನ್ನು, ತಿಮ್ಮಕ್ಕ ಒಬ್ಬರೇ ಮಾಡಿದ ಕೆಲಸವೂ ಅಲ್ಲ ಅದು. ಗಂಡ ಹೆಂಡತಿ ಇಬ್ಬರೂ ಕೊಡದಲ್ಲಿ ನೀರು ಹೊತ್ತು ಮರ ಬೆಳೆಸಿದ್ದು.

ಇಲ್ಲಿ ಎಲ್ಲರೂ "ಊರಲ್ಲೇ ಬಿಡಿ" ಅನ್ನುತ್ತಿರುವುದಕ್ಕೆ ನನ್ನ ಅನುಭವ ಸ್ವಲ್ಪ ಬೇರೆ. ಅತ್ತೆ ಹೋದ ಮೇಲೆ ಮಾವ ಹಳ್ಳಿಯಲ್ಲೇ ಇರುತ್ತೇನೆ ಅಂತ ಹಟ ಹಿಡಿದರು. ಅವರಿಗೆ ಅನ್ನ ಬೇಯಿಸಲೂ ಬರುತ್ತಿರಲಿಲ್ಲ. ನೆಂಟರ ಜೊತೆ ಮಾತು, ಮುಯ್ಯಿ, ಹಬ್ಬ ಎಲ್ಲ ಅತ್ತೆಯ ಕೈಯಲ್ಲಿತ್ತು. ಅತ್ತೆ ಹೋದ ದಿನವೇ ಆ ದಾರಿಗಳೂ ಮುಚ್ಚಿದವು. ಬನ್ನು, ಟೀ ಅಷ್ಟರಲ್ಲೇ ದಿನ ಕಳೆಯುತ್ತಿದ್ದರು. ಸಕ್ಕರೆ ಕಾಯಿಲೆ ಏರಿತು. ನಮ್ಮ ಜೊತೆ ಬಂದ ಮೇಲೆ ಹೊತ್ತಿಗೆ ಸರಿಯಾಗಿ ಊಟ, ಮೊಮ್ಮಗನನ್ನು ಸ್ಕೂಲಿಗೆ ಬಿಡುವ ಕೆಲಸ. ಈಗ ಸುಧಾರಿಸಿದ್ದಾರೆ.

ಗಂಡಸರಿಗೂ ಹೆಂಗಸರಿಗೂ ಇದು ಒಂದೇ ಥರ ಆಗಲ್ಲ ಅನ್ನುವುದು ನನ್ನ ಅನಿಸಿಕೆ. ಒಂಟಿ ಗಂಡಸಿಗೆ ಮೊದಲು ಅಡುಗೆ ಕಲಿಸಬೇಕು. ಅದೂ ಹೆಂಡತಿ ಇರುವಾಗಲೇ.

ಧಾರವಾಡದ ನಿವೃತ್ತ ಮೇಷ್ಟ್ರು

ಮಂಡ್ಯದ ತಂಗಿಯ ಮಾತು ಒಪ್ಪಿದೆ. ಗಮನಿಸಿ, ಅವರ ಮಾವನಿಗೂ ಅಲ್ಲೊಂದು ಕೆಲಸ ಸಿಕ್ಕಿದೆ.

ನ್ಯೂಜೆರ್ಸಿ ಕನ್ನಡಿಗ

ನಮ್ಮ ಅಪ್ಪ ಅಮ್ಮ ಪ್ರತಿ ಸಲ ಆರು ತಿಂಗಳ ವೀಸಾದಲ್ಲಿ ಬಂದು ಮೂರನೇ ತಿಂಗಳಿಗೇ ಟಿಕೆಟ್ ಮುಂಚಿತ ಮಾಡಿಸು ಅಂತಾರೆ. ಇಲ್ಲಿ ಕಾರಿಲ್ಲದೆ ಹಾಲು ತರಲೂ ಆಗಲ್ಲ. ಮೈಸೂರಿನಲ್ಲಿ ಅಪ್ಪ ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ, ಗೆಳೆಯರ ಜೊತೆ ಕಾಫಿ ಕುಡಿದು ಬರುವವರು. ಹಾಗಾಗಿ ಅವರು ಅಲ್ಲೇ ಇರಲಿ ಅಂತ ನಾವೂ ಒಪ್ಪಿದ್ದೇವೆ. ಆದರೆ ಹಾಲ್‌ನಲ್ಲಿ, ಅಡುಗೆಮನೆಯಲ್ಲಿ ಕ್ಯಾಮೆರಾ ಹಾಕಿಸಿದ್ದೇವೆ. ತಿಪಟೂರಿನವರೂ ಅದನ್ನು ಯೋಚಿಸಬಹುದು.

ಧಾರವಾಡದ ನಿವೃತ್ತ ಮೇಷ್ಟ್ರು

ಕ್ಯಾಮೆರಾ ಹಾಕುವ ಮೊದಲು ಅವರನ್ನು ಕೇಳಿದಿರಾ? ದಯವಿಟ್ಟು ಸಿಟ್ಟಾಗಬೇಡಿ. 50 ವರ್ಷ ಮನೆ ನಡೆಸಿದ ಹೆಂಗಸು ತನ್ನ ಅಡುಗೆಮನೆಯಲ್ಲೇ ಸೆರಗು ಸರಿಮಾಡಿಕೊಂಡು ಓಡಾಡಬೇಕಾ? ಬಿದ್ದರೆ ತಿಳಿಯಬೇಕು ಅನ್ನುವುದು ನ್ಯಾಯ. ಅದಕ್ಕೆ ಕುತ್ತಿಗೆಗೆ ಹಾಕುವ ಗುಂಡಿ ಇದೆ, ಕೈಗಡಿಯಾರ ಇದೆ. ಬೆಳಗ್ಗೆ ಒಂದು ಗುಡ್ ಮಾರ್ನಿಂಗ್ ಮೆಸೇಜು ಬಾರದಿದ್ದರೆ ಪಕ್ಕದ ಮನೆಯವರು ಬಾಗಿಲು ತಟ್ಟುವ ಒಪ್ಪಂದ ಮಾಡಿಕೊಳ್ಳಬಹುದು. ನಾವು ನಾಲ್ಕು ಜನ ಮುದುಕರು ಹಾಗೇ ಮಾಡಿಕೊಂಡಿದ್ದೇವೆ. ಒಬ್ಬರನ್ನೊಬ್ಬರು ನೋಡಿಕೊಳ್ಳುವುದು ಬೇರೆ, ಯಾರೋ ದೂರದಿಂದ ನಮ್ಮನ್ನು ನೋಡುತ್ತಾ ಇರುವುದು ಬೇರೆ.

ನ್ಯೂಜೆರ್ಸಿ ಕನ್ನಡಿಗ

ಅಮ್ಮನನ್ನು ಕೇಳಿದೆ. ಹಾಲ್‌ನಲ್ಲಿ ಇರಲಿ, ಅಡುಗೆಮನೆಯಲ್ಲಿ ಬೇಡ ಅಂದರು. ತೆಗೆಸುತ್ತಿದ್ದೇವೆ.

ಹೊನ್ನಾವರದ ನರ್ಸ್

ತಿಪಟೂರಿನ ಅಕ್ಕ, ಎಲ್ಲರೂ ಮನಸ್ಸಿನ ಬಗ್ಗೆ ಬರೆದರು. ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಟಿವಿ ಸೌಂಡು ಜೋರು. ಫೋನಿನಲ್ಲಿ ಎರಡೇ ಮಾತು. ಮದುವೆಮನೆಗೆ ಹೋಗಲ್ಲ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಮೊದಲು ಅಮ್ಮನ ಕಿವಿ ತೋರಿಸಿ.

ವಯಸ್ಸಾದಂತೆ ತೆಳುವಾದ, ಎತ್ತರದ ಸದ್ದುಗಳು ಮೊದಲು ಹೋಗುತ್ತವೆ. ಸ, ಶ, ತ ಇಂಥ ಅಕ್ಷರಗಳು ಕಲೆಸಿಹೋಗುತ್ತವೆ. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಎದುರಿಗೆ ಕೂತರೆ ತುಟಿ ನೋಡಿ ಊಹಿಸಬಹುದು. ಫೋನಿನಲ್ಲಿ ಅದೂ ಇಲ್ಲ. ಮದುವೆಮನೆಯಲ್ಲಿ ವಾಲಗ, ಮೈಕು, ನೂರು ಜನರ ಗದ್ದಲ. ಏನೋ ಕೇಳಿದರೆ ಇನ್ನೇನೋ ಉತ್ತರ ಕೊಟ್ಟು ನಾಲ್ಕು ಜನ ನಕ್ಕರೆ, ಮುಂದಿನ ಸಲ ಅವರು ಹೋಗುವುದಿಲ್ಲ. ಹೀಗೆ ನಿಧಾನಕ್ಕೆ ಜನರಿಂದ ದೂರವಾಗುತ್ತಾರೆ. ಮನೆಯವರು ದುಃಖ ಅಂದುಕೊಳ್ಳುತ್ತಾರೆ, ಇಲ್ಲ ಮರೆವು ಅಂದುಕೊಳ್ಳುತ್ತಾರೆ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿಯೂ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ, ಆದರೆ ನಾವು ಏನಾದರೂ ಮಾಡಬಹುದಾದ ಕಾರಣಗಳಲ್ಲಿ ಕಿವುಡನ್ನು ಸೇರಿಸಿದೆ.

ಹಾಗಂತ ಮನಸ್ಸನ್ನು ಬಿಡಬೇಡಿ. ವಯಸ್ಸಾದವರಲ್ಲಿ ಖಿನ್ನತೆ ಎಷ್ಟೋ ಸಲ ಮೈ ನೋವಿನ ರೂಪದಲ್ಲೇ ಬರುತ್ತದೆ. "ಬೇಜಾರು" ಅನ್ನಲ್ಲ, "ಮಂಡಿ ನೋವು, ಹೊಟ್ಟೆ ಭಾರ, ನಿದ್ದೆ ಇಲ್ಲ" ಅಂತಾರೆ. ಆದರೆ ಮಂಡಿ ನಿಜವಾಗಿಯೂ ಸವೆದಿರಬಹುದಲ್ವಾ? ಅದಕ್ಕೇ ಹಿರಿಯರಿಗೆ ಅಂತಲೇ ಮಾಡಿದ 15 ಪ್ರಶ್ನೆಗಳ ಒಂದು ಪಟ್ಟಿ ಇದೆ. ಉತ್ತರ ಹೌದು, ಇಲ್ಲ ಅಷ್ಟೇ. ಅದರಲ್ಲಿ ನೋವು ನಿದ್ದೆಯ ಪ್ರಶ್ನೆಯನ್ನು ಬೇಕೆಂದೇ ಬಿಟ್ಟಿದ್ದಾರೆ. ವೈದ್ಯರ ಹತ್ತಿರ ಕೇಳಿದರೆ ಮಾಡುತ್ತಾರೆ. ಜೊತೆಗೆ ಥೈರಾಯ್ಡ್, ಬಿ12 ರಕ್ತ ಪರೀಕ್ಷೆ ಮಾಡಿಸಿ. ಬರೀ ಸಸ್ಯಾಹಾರ ತಿನ್ನುವ ಹಿರಿಯರಲ್ಲಿ ಬಿ12 ಕೊರತೆ ತುಂಬಾ ನೋಡುತ್ತೇವೆ. ಅದರಿಂದಲೂ ಸುಸ್ತು, ಮಂಕು ಬರುತ್ತದೆ.

ಯಾವುದಕ್ಕೆ ಕಾಯಬಾರದು ಅಂತಲೂ ಹೇಳಿಬಿಡುತ್ತೇನೆ. ಎರಡು ವಾರದಿಂದ ಊಟ ಸೇರುತ್ತಿಲ್ಲ, ಮೈ ಇಳಿಯುತ್ತಿದೆ, ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆಯೇ ಇಲ್ಲ, "ನಾನಿದ್ದು ಏನು ಪ್ರಯೋಜನ, ದೇವರು ಕರೆದುಕೊಳ್ಳಲಿ" ಅನ್ನುವ ಮಾತು ಮತ್ತೆ ಮತ್ತೆ ಬರುತ್ತಿದೆ. ಇಷ್ಟಿದ್ದರೆ "ವಯಸ್ಸಾಯ್ತಲ್ಲ" ಅಂತ ಬಿಡಬೇಡಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಮಂಗಳವಾರ ಬರುವ ವ್ಯವಸ್ಥೆ ಇದೆ. ಬರುವ ದಿನವನ್ನು ಮೊದಲೇ ವಿಚಾರಿಸಿಕೊಂಡು ಹೋಗಿ. ಫೋನಿನಲ್ಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಸಹಾಯವಾಣಿ 14567. ವಯಸ್ಸಾದವರ ಖಿನ್ನತೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ನಾನು ಕಂಡಿದ್ದೇನೆ.

ಮನಃಶಾಸ್ತ್ರ ಓದುವವಳು

ಕಿವಿಯ ಮಾತು ನನಗೆ ಹೊಳೆದೇ ಇರಲಿಲ್ಲ, ನರ್ಸ್ ಅಕ್ಕನಿಗೆ ಧನ್ಯವಾದ.

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪಾಲ್ ಬಾಲ್ಟೆಸ್ ಅನ್ನುವ ಜರ್ಮನ್ ಮನಃಶಾಸ್ತ್ರಜ್ಞರು ಪಿಯಾನೋ ವಾದಕ ರೂಬಿನ್‌ಸ್ಟೈನ್ ಅವರ ಉದಾಹರಣೆ ಕೊಡುತ್ತಿದ್ದರು. 80ರ ವಯಸ್ಸಿನಲ್ಲಿ ಅವರು ಮೊದಲಿಗಿಂತ ಕಡಿಮೆ ಕೃತಿ ನುಡಿಸುತ್ತಿದ್ದರು. ಆ ಕೆಲವನ್ನೇ ಹೆಚ್ಚು ಅಭ್ಯಾಸ ಮಾಡುತ್ತಿದ್ದರು. ವೇಗದ ಭಾಗ ಬರುವ ಮುಂಚೆ ಬೇಕೆಂದೇ ನಿಧಾನ ಮಾಡುತ್ತಿದ್ದರು. ಆಗ ಮುಂದಿನದು ಕೇಳುಗರಿಗೆ ವೇಗವಾಗಿಯೇ ಕೇಳುತ್ತಿತ್ತು. ಮನೆಯಲ್ಲೂ ಹೀಗೇ ಮಾಡಬಹುದು. ಹತ್ತು ಕೆಲಸದಲ್ಲಿ ಏಳು ಬಿಡಲಿ, ಮೂರು ಉಳಿಯಲಿ. ಯಾವ ಮೂರು ಅಂತ ಅವರೇ ಹೇಳಲಿ. ನಾವು ಹತ್ತನ್ನೂ ಕಿತ್ತುಕೊಳ್ಳುತ್ತೇವೆ.

ಹಾಗೇ "ಹೊಸ ಗೆಳೆತನ ಮಾಡ್ಕೋ, ಕ್ಲಬ್ಬಿಗೆ ಸೇರು" ಅಂತ ಒತ್ತಾಯವೂ ಬೇಡ. ವಯಸ್ಸಾದಂತೆ ಜನ ತಾವಾಗಿಯೇ ಗೆಳೆಯರ ಸಂಖ್ಯೆ ಕಡಿಮೆ ಮಾಡಿಕೊಂಡು ಹತ್ತಿರದ ಕೆಲವರನ್ನು ಉಳಿಸಿಕೊಳ್ಳುತ್ತಾರೆ. ಸ್ಟ್ಯಾನ್‌ಫರ್ಡಿನ ಲಾರಾ ಕಾರ್ಸ್ಟೆನ್ಸನ್ ಇದನ್ನು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಇಬ್ಬರು ಹಳೆಯ ಗೆಳತಿಯರು ನಡೆದುಹೋಗುವಷ್ಟು ದೂರದಲ್ಲಿದ್ದರೆ ಸಾಕಾಗುತ್ತದೆ. ಆ ಇಬ್ಬರೂ ತಿಪಟೂರಿನಲ್ಲಿದ್ದರೆ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅವರನ್ನು ಎಲ್ಲಿಂದ ತರುತ್ತೀರಿ?

ಕೊಪ್ಪಳದ ಆಶಾ ಕಾರ್ಯಕರ್ತೆ

ನಮ್ಮ ತರಬೇತಿಯಲ್ಲಿ ಒಬ್ಬರು ಜಿಂಬಾಬ್ವೆಯ ವಿಷಯ ಹೇಳಿದ್ದರು, ಇಲ್ಲಿ ಬರೆಯಲೇಬೇಕು ಅನಿಸಿತು. ಡಿಕ್ಸನ್ ಚಿಬಾಂಡಾ ಅಂತ ಅಲ್ಲಿನ ಮನೋವೈದ್ಯರು. ಅಲ್ಲಿ ಮನೋವೈದ್ಯರೇ ಬೆರಳೆಣಿಕೆಯಷ್ಟು. 2006ರಲ್ಲಿ ಅವರು ಹರಾರೆಯಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟರು. ಕ್ಲಿನಿಕ್ಕಿನ ಅಂಗಳದಲ್ಲಿ ಒಂದು ಮರದ ಬೆಂಚು. ಅದರ ಮೇಲೆ ಅಜ್ಜಿ ಕೂತು ಕಷ್ಟ ಕೇಳುತ್ತಾರೆ, ಒಂದೊಂದೇ ಸಮಸ್ಯೆ ಬಿಡಿಸಲು ದಾರಿ ಹುಡುಕಿಸುತ್ತಾರೆ. 2016ರಲ್ಲಿ ಅದರ ಪರೀಕ್ಷೆಯ ಫಲಿತಾಂಶ ಬಂತು. ಬೆಂಚಿಗೆ ಬಂದವರ ಖಿನ್ನತೆ ಚೆನ್ನಾಗಿ ಇಳಿದಿತ್ತು.

ನಾವು ಅಜ್ಜಿಯರನ್ನು ಸಹಾಯ ಪಡೆಯುವವರ ಸಾಲಿನಲ್ಲೇ ಕೂರಿಸುತ್ತೇವೆ. ಬಾಣಂತಿ ಮನೆಗೆ ನಾನು ಹೋಗುವಾಗ ಈಗ ಓಣಿಯ ಒಬ್ಬ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಹೊಸ ತಾಯಿ ನನಗೆ ಹೇಳದ್ದನ್ನು ಅವರಿಗೆ ಹೇಳುತ್ತಾಳೆ. ಮಗುವಿಗೆ ಸ್ನಾನ ಮಾಡಿಸುವಾಗ ಅಜ್ಜಿಯ ಬೆನ್ನು ನೋವು ಎಲ್ಲಿರುತ್ತದೋ!

ತಿಪಟೂರಿನ ಮಗಳು

ತಡವಾಗಿ ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತು ಓದಿ ರಜೆ ಹಾಕಿ ಊರಿಗೆ ಹೋಗಿದ್ದೆ.

ಕಿವಿ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿ ಮಧ್ಯಮ ಮಟ್ಟದಲ್ಲಿ ಕೇಳುವುದು ಕಡಿಮೆಯಾಗಿದೆ. ಅಮ್ಮನಿಗೆ ಗೊತ್ತಿತ್ತಂತೆ, ಹೇಳಿಕೊಳ್ಳಲು ಸಂಕೋಚ. "ಅಪ್ಪ ಇದ್ದಾಗ ಅವರೇ ಫೋನಲ್ಲಿ ಕೇಳಿ ನನಗೆ ಹೇಳ್ತಿದ್ರು" ಅಂದರು. ನಮಗೆ ಇದು ಹೊಳೆಯುವ ಹಾಗೇ ಇರಲಿಲ್ಲ. ಬಿ12 ಕೂಡ ಕಡಿಮೆ ಬಂದಿದೆ, ಇಂಜೆಕ್ಷನ್ ಶುರುವಾಗಿದೆ. 15 ಪ್ರಶ್ನೆಯನ್ನೂ ವೈದ್ಯರು ಕೇಳಿದರು. ಸದ್ಯಕ್ಕೆ ಖಿನ್ನತೆ ಅನ್ನುವಷ್ಟಿಲ್ಲ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದಿದ್ದಾರೆ.

ಆಮೇಲೆ ಎದುರಿಗೆ ಕೂತು ನಿಧಾನವಾಗಿ ಕೇಳಿದೆ, ನಿನಗೆ ದಿನದಲ್ಲಿ ಯಾವ ಹೊತ್ತು ಕಷ್ಟ ಅಂತ. ರಾತ್ರಿ ನಿದ್ದೆ ಬಾರದ ಹೊತ್ತು ಅಂತಾರೆ ಅಂದುಕೊಂಡಿದ್ದೆ. ಅಮ್ಮ ಹೇಳಿದ್ದು ಸಂಜೆ ಏಳು ಗಂಟೆ. "ಒಬ್ಬಳಿಗೆ ಸಾರು ಮಾಡೋಕೆ ಮನಸ್ಸು ಬರಲ್ಲ, ಮಧ್ಯಾಹ್ನದ್ದೇ ತಿಂದು ಮಲಗ್ತೀನಿ." ಹಿಂದಿನ ಬೀದಿಯಲ್ಲಿ ಟೈಲರಿಂಗ್ ಮಾಡುವ ಆಂಟಿ ಇದ್ದಾರೆ, ಅವರೂ ಒಬ್ಬರೇ. ಈಗ ರಾತ್ರಿ ಅಡುಗೆ ಇಬ್ಬರದೂ ಒಂದೇ ಕಡೆ. ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ.

ಬೆಂಗಳೂರಿಗೆ ಬರ್ತೀಯಾ ಅಂದರೆ ಈ ಸಲ ಸ್ಪಷ್ಟವಾಗಿ ಬೇಡ ಅಂದರು. ಅಣ್ಣ ಇನ್ನೂ ಒಪ್ಪಿಲ್ಲ. ನಾನು ಅಮ್ಮನ ಕಡೆ.

ಈಗ ಕಿವಿಯ ಮಿಷನ್ ಬಗ್ಗೆ ಹೇಳಿ. ಅಂಗಡಿಯವರು ಹೇಳುವ ಬೆಲೆ ಕೇಳಿ ಅಮ್ಮ "ಆ ದುಡ್ಡಲ್ಲಿ ಒಂದು ಹಸು ಬರುತ್ತೆ" ಅಂತಾರೆ.

ಶಿರಸಿಯವ

ಒಳ್ಳೆಯದಾಯಿತು. ನಾನು ಇನ್ನೂ ಒಬ್ಬರೇ ಇರುವುದನ್ನು ಪೂರ್ತಿ ಒಪ್ಪುವುದಿಲ್ಲ. ಆದರೆ ಅವರು ಬಾಯಿ ಬಿಟ್ಟು ಬೇಡ ಅಂದ ಮೇಲೆ ಮಾತು ಮುಗಿಯಿತು. ಬಚ್ಚಲಿಗೆ ಹಿಡಿಕೆ ಹಾಕಿಸಿದಿರಾ?

ತಿಪಟೂರಿನ ಮಗಳು

ಹಾಕಿಸಿದೆ. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ಉರಿಯುವ ಚಿಕ್ಕ ಲೈಟು ಕೂಡ.

ಹೊನ್ನಾವರದ ನರ್ಸ್

ಬೆಲೆಗೆ ಹೆದರಬೇಡಿ, ಅಂಗಡಿಯಲ್ಲೇ ತೆಗೆದುಕೊಳ್ಳಬೇಕು ಅಂತೇನೂ ಇಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಒಮ್ಮೆ ಅಲ್ಲಿ ತೋರಿಸಿ. ಪರೀಕ್ಷೆ ಮಾಡಿ ಯಾವ ಮಿಷನ್ ಸಾಕು ಅಂತ ಹೇಳುತ್ತಾರೆ. ಕೊಪ್ಪಳದ ಅಕ್ಕನವರ ಅಜ್ಜಿಯರಂಥ ಬಡವರಿಗೆ 2017ರಿಂದ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಶಿಬಿರ ನಡೆಸಿ ಕಿವಿಯ ಮಿಷನ್, ಕನ್ನಡಕ, ಊರುಗೋಲು, ಹಲ್ಲಿನ ಸೆಟ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ಜಿಲ್ಲೆಯ ಶಿಬಿರದ ದಿನವನ್ನು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ.

ತಂದ ಮೇಲೆ ನಡೆಯುವುದನ್ನೂ ಹೇಳುತ್ತೇನೆ. ಎಷ್ಟೋ ಮನೆಗಳಲ್ಲಿ ಮಿಷನ್ ಬೀರುವಿನಲ್ಲೇ ಇರುತ್ತದೆ. ಹಾಕಿಕೊಂಡ ಮೊದಲ ದಿನ ಫ್ಯಾನು, ಪಾತ್ರೆ, ರಸ್ತೆಯ ಹಾರನ್ನು ಎಲ್ಲ ಒಟ್ಟಿಗೆ ನುಗ್ಗುತ್ತದೆ. ತಲೆ ಸಿಡಿಯುತ್ತದೆ ಅಂತ ತೆಗೆದಿಡುತ್ತಾರೆ. ಹಾಗಾಗಿ ಮೊದಲು ದಿನಕ್ಕೆ ಒಂದು ಗಂಟೆ ಮಾತ್ರ, ಗಲಾಟೆ ಇಲ್ಲದ ಕೋಣೆಯಲ್ಲಿ, ಒಬ್ಬರ ಜೊತೆ ಮಾತಾಡುವಾಗ ಹಾಕಲಿ. ಟೈಲರ್ ಆಂಟಿ ಜೊತೆ ಊಟದ ಹೊತ್ತು ಇದಕ್ಕೆ ಸರಿಯಾಗಿದೆ. ಮಿಕ್ಸಿ ಮಾತ್ರ ಆಗ ಬೇಡ. ನಿಧಾನವಾಗಿ ಹೊತ್ತು ಹೆಚ್ಚಿಸಿ. ಮಿದುಳಿಗೆ ಒಗ್ಗಲು ಕೆಲವು ವಾರ ಬೇಕು. ನಡುವೆ ಒಂದೆರಡು ಸಲ ಹೋಗಿ ಸೌಂಡು ಸರಿಮಾಡಿಸಬೇಕಾಗುತ್ತದೆ, ಕೊಳ್ಳುವಾಗಲೇ ಅದರ ಬಗ್ಗೆ ಕೇಳಿಕೊಳ್ಳಿ. ಬ್ಯಾಟರಿ ಹಾಕುವುದನ್ನು ಅಂಗಡಿಯಲ್ಲೇ ಅಮ್ಮನ ಕೈಯಿಂದ ಮಾಡಿಸಿ ನೋಡಿ. ಬೆರಳು ನಡುಗುವವರಿಗೆ ಚಾರ್ಜ್ ಮಾಡುವ ಮಿಷನ್ ಸುಲಭ.